ಮಾಡೆಲ್ ಗೂಡ್ಸ್ ರೈಲಿಗೂ ಒಂದು ಕೆಲಸ ಕೊಡಿ

ಮಾಡೆಲ್ ರೈಲು ಕ್ಲಬ್ಬಿನ ಮಾಡ್ಯೂಲ್‌ಗಳನ್ನೆಲ್ಲ, ಅಂದರೆ ಒಬ್ಬೊಬ್ಬರು ಹಳಿ ಹಾಕಿ ಮಾಡಿ ತಂದ ಹಲಗೆಗಳನ್ನೆಲ್ಲ, ಜೋಡಿಸಿ ಮುಗಿಯಿತು ಅಂದರೆ ಮುಂದೆ ನಡೆಯುವುದು ಗೊತ್ತೇ ಇದೆ. ಯಾರೋ ಒಬ್ಬರು ನಲವತ್ತು ವ್ಯಾಗನ್ ಪೆಟ್ಟಿಗೆಯಿಂದ ತೆಗೆದು ಸಾಲಾಗಿ ನಿಲ್ಲಿಸುತ್ತಾರೆ. ಮುಂದೆ ಮೂರು ಇಂಜಿನ್ ಕಟ್ಟಿ ಥ್ರಾಟಲ್ ಪೂರ್ತಿ ತಿರುಗಿಸುತ್ತಾರೆ. ಎರಡನೇ ತಿರುವಿನಲ್ಲಿ ಅರ್ಧ ರೈಲು ಮಗುಚಿಕೊಳ್ಳುತ್ತದೆ. ಆಮೇಲೆ ಆ ಮಾಡ್ಯೂಲ್ ಮಾಡಿದವರ ಜೊತೆ ಜಗಳ. ನಾನೂ ಹೀಗೆ ಮಗುಚಿಸಿದವನೇ, ಜಗಳ ಆಡಿದವನೇ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಲ್ಲಿರುವ ಅಳತೆಗಳೆಲ್ಲ ಎಚ್‌ಒ ಸ್ಕೇಲಿನವು. ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿ.ಮೀ.

ಮೊದಲು ಲೂಪ್ ಅಳೆಯಿರಿ

ನಿಮ್ಮ ಹತ್ತಿರ ಎಷ್ಟು ವ್ಯಾಗನ್ ಇವೆ ಅನ್ನುವುದು ಲೆಕ್ಕಕ್ಕಿಲ್ಲ. ಎದುರಿನಿಂದ ಬರುವ ರೈಲಿಗೆ ದಾರಿ ಬಿಡಬೇಕಾದರೆ ನಿಮ್ಮ ರೈಲು ಪೂರ್ತಿ ಲೂಪಿನೊಳಗೆ, ಅಂದರೆ ಮೇನ್ ಲೈನಿನಿಂದ ಕವಲೊಡೆದು ಮುಂದೆ ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿಯೊಳಗೆ, ಕೂರಬೇಕು. ದಾರಿಯಲ್ಲಿರುವ ಅತಿ ಚಿಕ್ಕ ಲೂಪ್ ಎರಡು ಮೀಟರ್ ಇದ್ದರೆ, ಇಂಜಿನ್, ಕೊನೆಯಲ್ಲಿರುವ ಗಾರ್ಡಿನ ಬ್ರೇಕ್ ವ್ಯಾನ್ ಕಳೆದು ಹತ್ತು ಹನ್ನೊಂದು ವ್ಯಾಗನ್. ಅಷ್ಟೇ. ಉಳಿದದ್ದು ಪೆಟ್ಟಿಗೆಯಲ್ಲೇ ಇರಲಿ.

ವ್ಯಾಗನ್ ತಯಾರಿ

ತೂಕ ಮುಖ್ಯ. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘಟನೆ ಎನ್‌ಎಂಆರ್‌ಎಯ ಸೂತ್ರ ಸುಲಭವಾಗಿದೆ: ಮೊದಲಿಗೆ 28 ಗ್ರಾಂ, ಆಮೇಲೆ ಉದ್ದದ ಪ್ರತಿ ಇಂಚಿಗೆ 14 ಗ್ರಾಂ. ಆರು ಇಂಚಿನ ವ್ಯಾಗನ್ ಅಂದರೆ ಸುಮಾರು 112 ಗ್ರಾಂ. ತೂಕವನ್ನು ತಳದಲ್ಲಿ ಅಂಟಿಸಿ, ಛಾವಣಿಗಲ್ಲ. ಪ್ಲಾಸ್ಟಿಕ್ ಚಕ್ರ ಇದ್ದರೆ ತೆಗೆದು ಲೋಹದ್ದು ಹಾಕಿ, ಪ್ಲಾಸ್ಟಿಕ್ ಚಕ್ರ ಕೊಳೆ ಮೆತ್ತಿಕೊಂಡು ಹಳಿಗೆಲ್ಲ ಹಂಚುತ್ತದೆ. ಅಚ್ಚಿನ ತುದಿಗೆ ಎಣ್ಣೆ ಬಿಡಬೇಡಿ. ಮೊದಲ ದಿನ ಚೆನ್ನಾಗಿ ಉರುಳುತ್ತದೆ, ಆಮೇಲೆ ಧೂಳು ಕೂತು ಅಂಟಾಗುತ್ತದೆ. ವ್ಯಾಗನ್‌ಗಳನ್ನು ಒಂದಕ್ಕೊಂದು ಕಟ್ಟುವ ಕೊಂಡಿ, ಅಂದರೆ ಕಪ್ಲರ್, ಅದರ ಎತ್ತರವನ್ನು ಗೇಜ್ ಇಟ್ಟೇ ನೋಡಬೇಕು, ಕಣ್ಣಳತೆ ಸಾಲದು. ಕಪ್ಲರ್ ಕೆಳಗೆ ನೇತಾಡುವ ಸಣ್ಣ ತಂತಿ ಹಳಿಗೆ ತಾಗುವಂತಿದ್ದರೆ ಮಾಡ್ಯೂಲ್ ಸಂದಿಯಲ್ಲಿ ಅಥವಾ ಹಳಿ ಕವಲೊಡೆಯುವ ಪಾಯಿಂಟ್ಸ್‌ನಲ್ಲಿ ಸಿಕ್ಕಿಕೊಳ್ಳುವುದು ಗ್ಯಾರಂಟಿ.

ಹಳಿ ಒರೆಸಲು ಒರಟು ರಬ್ಬರ್ ತುಂಡು ಮಾರುತ್ತಾರಲ್ಲ, ಅದನ್ನು ನಾನು ಮುಟ್ಟುವುದಿಲ್ಲ. ಅದು ಹಳಿಯ ಮೇಲೆ ಗೀರು ಹಾಕುತ್ತದೆ, ಆ ಗೀರಿನಲ್ಲೇ ಮತ್ತೆ ಕೊಳೆ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆ ಸಾಕು.

ಪ್ರತಿ ವ್ಯಾಗನ್ನಿಗೂ ಒಂದು ಚೀಟಿ

ಒಂದೊಂದು ವ್ಯಾಗನ್ನಿಗೂ ಒಂದು ಕಾರ್ಡ್ ಮಾಡಿ, ಅದರ ಜೇಬಿನಲ್ಲಿ ಒಂದು ಚೀಟಿ ಇಡಿ: ಎಲ್ಲಿಂದ, ಎಲ್ಲಿಗೆ, ಏನು ಸರಕು. ಟ್ಯಾಂಕರ್ ಎಣ್ಣೆ ಡಿಪೋಗೆ ಹೋಗುತ್ತದೆ, ಖಾಲಿಯಾಗಿ ವಾಪಸ್ ಬರುತ್ತದೆ. ರೈಲು ಕಟ್ಟುವುದೆಂದರೆ ಈ ಕಾರ್ಡುಗಳನ್ನು ಜೋಡಿಸುವುದು. ಭಾರದ್ದು ಮುಂದೆ, ಹಗುರವಾದದ್ದು ಹಿಂದೆ. ತುಂಬಾ ಉದ್ದದ ವ್ಯಾಗನ್ನಿಗೆ ಗಿಡ್ಡ ವ್ಯಾಗನ್ ಕಟ್ಟಬೇಡಿ, ತಿರುವಿನಲ್ಲಿ ಉದ್ದದ್ದು ಗಿಡ್ಡದ್ದನ್ನು ಹಳಿಯಿಂದ ಎಳೆದು ಹಾಕುತ್ತದೆ.

ತೆರೆದ ವ್ಯಾಗನ್ನಿನಲ್ಲಿ ಕಲ್ಲಿದ್ದಲನ್ನು ಗೋಂದು ಹಾಕಿ ಅಂಟಿಸುವವರಿದ್ದಾರೆ. ಗಣಿಗೆ ಕಲ್ಲಿದ್ದಲು ತುಂಬಿಕೊಂಡು ಹೋಗುವ ರೈಲು ನೋಡಿದ್ದೀರಾ? ಅದರ ಬದಲು ತೆಳು ರಟ್ಟಿನ ಮೇಲೆ ಕಲ್ಲಿದ್ದಲು ಅಂಟಿಸಿ, ಅದರೊಳಗೆ ಒಂದು ಕಬ್ಬಿಣದ ಚೂರು ಅಡಗಿಸಿಡಿ. ಮೇಲಿನಿಂದ ಆಯಸ್ಕಾಂತ ಹಿಡಿದರೆ ಇಡೀ ರಾಶಿ ಎದ್ದು ಬರುತ್ತದೆ.

ವೇಗ

ಗಡಿಯಾರ ನೋಡಿ. 1.2 ಮೀಟರ್ ಮಾಡ್ಯೂಲ್ ದಾಟಲು ಒಂಬತ್ತೂವರೆ ಸೆಕೆಂಡ್ ಹಿಡಿದರೆ ನಿಜವಾದ ರೈಲಿನ ಲೆಕ್ಕದಲ್ಲಿ ಅದು ಗಂಟೆಗೆ 40 ಕಿ.ಮೀ. ನಾಲ್ಕೇ ಸೆಕೆಂಡಿನಲ್ಲಿ ದಾಟಿಸಿದರೆ 95ರ ಹತ್ತಿರ. ಹಳೆಯ ಗೂಡ್ಸ್ ರೈಲಿಗೆ ಅಷ್ಟು ಆತುರ ಯಾಕೆ? ಡಿಸಿಸಿ, ಅಂದರೆ ಡಿಜಿಟಲ್ ನಿಯಂತ್ರಣ, ಇದ್ದರೆ ಇಂಜಿನ್ನಿನೊಳಗಿನ ಡಿಕೋಡರಿನ ಸಿವಿ 3 ಅನ್ನುವ ಸೆಟ್ಟಿಂಗಿನಲ್ಲಿ ನಿಧಾನಕ್ಕೆ ಹೊರಡುವಂತೆ ಮಾಡಿ. ನಿಲ್ಲುವುದಕ್ಕಿರುವ ಸಿವಿ 4 ಮಾತ್ರ ಕಡಿಮೆ ಇರಲಿ. ಅದು ಜಾಸ್ತಿಯಾದರೆ ನಿಲ್ಲಿಸಿದಾಗ ಇಂಜಿನ್ ನಿಲ್ಲದೆ ಜಾರಿಕೊಂಡು ಹೋಗಿ ಬಫರಿಗೆ ಗುದ್ದುತ್ತದೆ.

ಶಂಟಿಂಗ್: ಎಲ್ಲರೂ ಎಡವುವುದು ಇಲ್ಲೇ

ರೈಲು ಎಡದಿಂದ ಬಲಕ್ಕೆ ಹೋಗುತ್ತಿದೆ ಅಂದುಕೊಳ್ಳಿ. ಇಂಜಿನ್ನಿನ ಹಿಂದಿನ ಮೊದಲ ವ್ಯಾಗನ್ನನ್ನು ಸೈಡಿಂಗಿನಲ್ಲಿ, ಅಂದರೆ ಒಂದು ತುದಿ ಮುಚ್ಚಿರುವ ಕವಲು ಹಳಿಯಲ್ಲಿ, ಬಿಡಬೇಕು. ಸೈಡಿಂಗ್ ನಿಮ್ಮ ಹಿಂದಿನ ದಿಕ್ಕಿಗೆ ಚಾಚಿಕೊಂಡಿದ್ದರೆ ತೊಂದರೆ ಇಲ್ಲ. ಉಳಿದ ರೈಲನ್ನು ಪಾಯಿಂಟ್ಸ್‌ಗಿಂತ ಹಿಂದೆಯೇ ಬಿಟ್ಟು, ಆ ಒಂದು ವ್ಯಾಗನ್ ಎಳೆದುಕೊಂಡು ಪಾಯಿಂಟ್ಸ್ ದಾಟಿ, ಹಿಂದಕ್ಕೆ ತಳ್ಳಿದರೆ ಮುಗಿಯಿತು.

ಸೈಡಿಂಗ್ ಮುಂದಕ್ಕೆ ಚಾಚಿದ್ದರೆ? ಇಂಜಿನ್ ಮೊದಲು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ, ವ್ಯಾಗನ್ ಅದರ ಹಿಂದೆ. ವ್ಯಾಗನ್ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಇಲ್ಲಿ ಬಹಳ ಜನ ಅತ್ತಿತ್ತ ನೋಡಿ, ಐದು ಬೆರಳಿನ ಕ್ರೇನ್ ತಂದು ವ್ಯಾಗನ್ ಎತ್ತಿಡುತ್ತಾರೆ.

ಇಂಜಿನ್ ವ್ಯಾಗನ್ನಿನ ಹಿಂದಕ್ಕೆ ಬರಬೇಕು, ಅದಕ್ಕೆ ಲೂಪ್ ಬೇಕು. ಹೊಸಬರು ಇಡೀ ರೈಲನ್ನು ಲೂಪಿಗೆ ತರುತ್ತಾರೆ. ರೈಲು ಒಂದು ಹಳಿಯಲ್ಲಿ, ಬಿಡಬೇಕಾದ ವ್ಯಾಗನ್ ಇನ್ನೊಂದರಲ್ಲಿ, ಇಂಜಿನ್ ಸುತ್ತಿ ಬರಲು ಹಳಿಯೇ ಇಲ್ಲ! ಹಾಗಾಗಿ ಉಳಿದ ರೈಲನ್ನು ಲೂಪಿಗೆ ಬರುವ ಮೊದಲೇ, ಮೇನ್ ಲೈನಿನಲ್ಲಿ ಬಿಡಿ. ಪಾಯಿಂಟ್ಸ್‌ಗೂ ಅದಕ್ಕೂ ನಡುವೆ ಒಂದು ಇಂಜಿನ್ ಉದ್ದಕ್ಕೆ ಇನ್ನೊಂದು ಗೇಣು ಸೇರಿಸಿದಷ್ಟು ಜಾಗ ಇರಲಿ. ಇಂಜಿನ್ ಆ ವ್ಯಾಗನ್ನಿನ ಜೊತೆ ಲೂಪಿನೊಳಗೆ ಹೋಗಿ ಅದನ್ನು ಬಿಡುತ್ತದೆ. ಒಂಟಿಯಾಗಿ ಬಲ ತುದಿಯಿಂದ ಹೊರಗೆ ಬಂದು, ಪಕ್ಕದ ಹಳಿಯಲ್ಲಿ ಎಡಕ್ಕೆ ವಾಪಸಾಗಿ, ಆ ಖಾಲಿ ಜಾಗದಲ್ಲಿ ನಿಂತು, ವ್ಯಾಗನ್ನಿನ ಬೆನ್ನಿಗೆ ಸೇರಿಕೊಳ್ಳುತ್ತದೆ. ಈಗ ಅದನ್ನು ಬಲಕ್ಕೆ ತಳ್ಳುತ್ತಾ ಹೋಗಿ ಸೈಡಿಂಗಿಗೆ ಸೇರಿಸಿ. ಇಂಜಿನ್ ಹಾಗೇ ಹಿಂದಕ್ಕೆ ಬಂದು ರೈಲಿನ ಮುಂದೆ ಕಟ್ಟಿಕೊಳ್ಳುತ್ತದೆ. ಇಷ್ಟು ಹೊತ್ತು ಮೇನ್ ಲೈನ್ ನಿಮ್ಮ ವಶದಲ್ಲಿರುತ್ತದೆ, ರೈಲುಗಳ ಓಡಾಟ ನೋಡಿಕೊಳ್ಳುವ ಡಿಸ್ಪ್ಯಾಚರಿಗೆ ಮೊದಲೇ ಹೇಳಿಡಿ.

ಇದಕ್ಕಿಂತ ಜಾಣ ದಾರಿಯೂ ಇದೆ. ಆ ವ್ಯಾಗನ್ನನ್ನು ಸುಮ್ನೆ ಮುಂದಿನ ಯಾರ್ಡಿಗೆ ಒಯ್ಯಿರಿ. ಬಲದಿಂದ ಎಡಕ್ಕೆ ಬರುವ ರೈಲಿಗೆ ಅದೇ ಸೈಡಿಂಗ್ ಹಿಂದಕ್ಕೆ ಚಾಚಿರುತ್ತದೆ, ಅವರು ಎರಡೇ ನಿಮಿಷದಲ್ಲಿ ಬಿಡುತ್ತಾರೆ. ನಿಜವಾದ ರೈಲ್ವೆಯವರೂ ಹೀಗೆ ಮಾಡುತ್ತಾರೆ.

ಕಟ್ಟುವಾಗ ಒಂದು ವ್ಯಾಗನ್ ಉದ್ದ ದೂರದಲ್ಲಿ ನಿಲ್ಲಿಸಿ. ಒಂದು ಉಸಿರು ಎಳೆದುಕೊಳ್ಳಿ. ಆಮೇಲೆ ಸೆಕೆಂಡಿಗೆ ಒಂದೂವರೆ ಸೆಂಟಿಮೀಟರಿನಂತೆ ಹತ್ತಿರ ಬನ್ನಿ, ಅದು ನಿಜದಲ್ಲಿ ಮನುಷ್ಯ ನಡೆಯುವ ವೇಗ. ಕಪ್ಲರ್ 'ಟಿಕ್' ಅಂದ ಮೇಲೆ ಸ್ವಲ್ಪ ಮುಂದಕ್ಕೆಳೆದು ನೋಡಿ, ನಿಜವಾಗಿ ಕಚ್ಚಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. ಬಿಚ್ಚಲು ಸಣ್ಣ ಬಿದಿರು ಕಡ್ಡಿಯನ್ನು ಎರಡು ಕಪ್ಲರ್‌ಗಳ ನಡುವೆ ಇಳಿಸಿ ತಿರುವಿದರೆ ಸಾಕು. ಹಳಿ ನಡುವೆ ಹೂತಿಡುವ ಆಯಸ್ಕಾಂತ ನನಗೆ ಸರಿಬರುವುದಿಲ್ಲ, ಬೇಡದ ಕಡೆಯೇ ರೈಲು ಎರಡಾಗುತ್ತದೆ.

ಬಿಟ್ಟ ವ್ಯಾಗನ್ ಉರುಳಿಕೊಂಡು ಹೊರಟರೆ ಆ ಜಾಗದಲ್ಲಿ ಸ್ಲೀಪರ್‌ಗಳ ನಡುವೆ ಬ್ರಷ್ಷಿನ ಒಂದೆರಡು ಎಳೆ ನೆಡಿ, ಅಚ್ಚಿಗೆ ಒರೆಸಿಕೊಂಡು ನಿಲ್ಲುತ್ತದೆ. ಇನ್ನು ಒಂದೇ ವ್ಯಾಗನ್ ಎರಡು ಸಲ ಹಳಿ ತಪ್ಪಿದರೆ ಮೂರನೇ ಸಲ ಹಳಿಗೆ ಏರಿಸಬೇಡಿ. ಕಾರ್ಡಿನ ಮೇಲೆ ಎಲ್ಲಿ, ಯಾವ ಚಕ್ರ ಇಳಿಯಿತು ಅಂತ ಬರೆದು ಪಕ್ಕಕ್ಕಿಡಿ. ಮಾಡ್ಯೂಲಿನ ಯಜಮಾನರನ್ನು ಬೈಯುವುದು ಆ ಕಾರ್ಡ್ ಓದಿದ ಮೇಲೆ.