ಕುದಿಸಿದ ನೀರನ್ನು ಮತ್ತೆ ಕೆಡಿಸಬೇಡಿ

ನೀರು ಕುದಿಸುವುದು ಎಲ್ಲರಿಗೂ ಬರುತ್ತದೆ. ಕುದಿಸಿದ ನೀರನ್ನು ಕೆಡಿಸುವುದೂ ಎಲ್ಲರಿಗೂ ಬರುತ್ತದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ನಾನೇ ಎಷ್ಟೋ ವರ್ಷ ಅದನ್ನೇ ಮಾಡಿದ್ದೇನೆ. ಚೆನ್ನಾಗಿ ಕುದಿಸಿ, ಆರಿಸಿ, ಆಮೇಲೆ ಮೊಳೆಗೆ ನೇತುಹಾಕಿದ್ದ ಬಟ್ಟೆಯಲ್ಲಿ ಸೋಸುವುದು, ಕುಡಿಯುವಾಗ ಲೋಟವನ್ನೇ ಪಾತ್ರೆಗೆ ಅದ್ದಿ ಮೊಗೆಯುವುದು. ಬೆರಳು ಎರಡು ಗೆಣ್ಣು ನೀರೊಳಗೆ! ಒಮ್ಮೆ ಮನೆಯವರಿಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ಹೊಟ್ಟೆ ಕೆಟ್ಟಾಗಲೇ ನನಗೆ ಬುದ್ಧಿ ಬಂದಿದ್ದು.

ಅದಕ್ಕೇ ಹೇಳುತ್ತೇನೆ, ಸೋಸುವುದೇನಿದ್ದರೂ ಕುದಿಸುವ ಮೊದಲು. ನೀರು ಬಗ್ಗಡವಾಗಿದ್ದರೆ ಕೆಲವು ಗಂಟೆ ಅಲುಗಾಡಿಸದೆ ಬಿಡಿ, ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿ, ಒಗೆದ ಹಳೇ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ಹಳೇ ಬಟ್ಟೆಯೇ ವಾಸಿ, ಒಗೆದೂ ಒಗೆದೂ ಅದರ ನೂಲು ಸಡಿಲವಾಗಿ ಸಂದುಗಳು ಕಿರಿದಾಗಿರುತ್ತವೆ. ಪಟಿಕ ಹಾಕಿದರೆ ಕೆಸರು ಬೇಗ ತಳ ಸೇರುತ್ತದೆ, ನಿಜ. ಆದರೆ ತಿಳಿಯಾದ ನೀರೆಲ್ಲ ಕುಡಿಯುವ ನೀರಲ್ಲ, ಪಟಿಕವನ್ನು ನಂಬಿ ಕುದಿಸದೆ ಕುಡಿಯಬೇಡಿ.

ತಳದಲ್ಲಿ ಸಣ್ಣ ಗುಳ್ಳೆ ಕಂಡ ತಕ್ಷಣ ಒಲೆ ಆರಿಸುವವರು ಜಾಸ್ತಿ. ಅದು ಕುದಿಯಲ್ಲ. ನೀರೆಲ್ಲ ಕೊತಕೊತ ಅಂತ ಹೊರಳಬೇಕು, ಹಾಗೆ 1 ನಿಮಿಷ ಇದ್ದರೆ ಸಾಕು. 2,000 ಮೀಟರ್‌ಗಿಂತ ಎತ್ತರದ ಜಾಗವಾದರೆ 3 ನಿಮಿಷ, ಯಾಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಇಪ್ಪತ್ತು ನಿಮಿಷ ಕುದಿಸುವುದು ಸುಮ್ನೆ ಗ್ಯಾಸ್ ದಂಡ.

ಒಲೆ ಹಚ್ಚುವ ಹಾಗಿಲ್ಲದಿದ್ದರೆ ಬ್ಲೀಚ್ ಇದೆ. ಸುವಾಸನೆ ಬೆರೆಸದ, 5ರಿಂದ 6 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್ ಇರುವ ಮಾಮೂಲಿ ಬ್ಲೀಚನ್ನು ಲೀಟರಿಗೆ 2 ಹನಿ ಹಾಕಿ ಕಲಕಿ, 30 ನಿಮಿಷ ಬಿಡಿ. ಡ್ರಾಪರ್‌ನಲ್ಲೇ ಎಣಿಸಿ, ಕಣ್ಣಳತೆ ಬೇಡ. ಬಿಸಿಲು ಜೋರಾಗಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ತಿಳಿನೀರು ತುಂಬಿ 6 ಗಂಟೆ ಮಲಗಿಸಿಟ್ಟರೂ ಆಗುತ್ತದೆ, ಮೋಡವಿದ್ದರೆ 2 ದಿನ. ಬಾಟಲಿ 2 ಲೀಟರ್‌ಗಿಂತ ದೊಡ್ಡದು ಬೇಡ.

ಇನ್ನೊಂದು ವಿಷಯ. ಕುದಿಸಿದರೆ ಸಾಯುವುದು ರೋಗಾಣು ಮಾತ್ರ. ಫ್ಲೋರೈಡ್, ಆರ್ಸೆನಿಕ್, ಉಪ್ಪಿನಂಶ ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಬೋರ್‌ವೆಲ್ ನೀರಾದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಈಗ ನಾನು ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ, ನಲ್ಲಿ ಇರುವ ಡ್ರಮ್ಮಿಗೆ ಸುರಿಯುತ್ತೇನೆ. ಲೋಟ ಅದ್ದುವ ಮಾತೇ ಇಲ್ಲ. ನಲ್ಲಿ ಇಲ್ಲದಿದ್ದರೆ ಉದ್ದ ಹಿಡಿಯ ಸೌಟು ಸಾಕು, ಆದರೆ ಅದನ್ನು ಕಟ್ಟೆಯ ಮೇಲೆ ಇಡದೆ ತೂಗುಹಾಕಿ. ಕುದಿಸಿದ ನೀರು ಸಪ್ಪೆ ಅಂತ ಮಕ್ಕಳು ಮುಖ ತಿರುಗಿಸಿದರೆ ಎರಡು ತೊಳೆದ ಪಾತ್ರೆಗಳ ನಡುವೆ ಎತ್ತರದಿಂದ ನಾಲ್ಕೈದು ಸಲ ಹೊಯ್ದಾಡಿಸಿ ಕೊಡಿ, ಗಾಳಿ ಬೆರೆತು ರುಚಿ ವಾಪಸ್ ಬರುತ್ತದೆ.