ದೊಡ್ಡವರ ಈಜು ಕ್ಲಬ್ ಶುರು ಮಾಡುವವರಿಗೆ

ಮಡಿಕೇರಿ, ಕುಶಾಲನಗರದ ಕಡೆ ದೊಡ್ಡವರ ಈಜು ಕ್ಲಬ್ ಕಟ್ಟಬೇಕು ಅಂದುಕೊಂಡವರು ಮೊದಲು ಲೇನ್ (ಕೊಳದಲ್ಲಿ ಈಜಲು ಉದ್ದಕ್ಕೆ ಬೇರ್ಪಡಿಸಿದ ಸಾಲು) ಹಂಚಿಕೆ ಸರಿಮಾಡಿಕೊಳ್ಳಿ. ವಯಸ್ಸು ನೋಡಿ ಅಲ್ಲ, ವೇಗ ನೋಡಿ. ಲೇನಿನ ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ವಾಪಸ್ ಬರಬೇಕು. ಮುಂದಿನವರು ಹೊರಟು 5–10 ಸೆಕೆಂಡ್ ಆದ ಮೇಲೆ ಹಿಂದಿನವರು. ಸುಸ್ತಾದವರು ಗೋಡೆಯ ಮೂಲೆಗೆ ಸರಿದು ನಿಂತರೆ ತಿರುಗುವವರಿಗೆ ಜಾಗ ಸಿಗುತ್ತದೆ. ಡಿಕ್ಕಿ, ಮನಸ್ತಾಪ ಎರಡೂ ತಪ್ಪುತ್ತವೆ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕ್ಲಬ್ಬನ್ನು ಸಂಘವಾಗಿ ನೋಂದಾಯಿಸಲು 7 ಜನ ಇದ್ದರೆ ಸಾಕು. ಸ್ಪರ್ಧೆಯ ಆಸೆ ಇದ್ದರೆ ಮಾಸ್ಟರ್ಸ್ ವಿಭಾಗ, ಅಂದರೆ ದೊಡ್ಡವರ ಈಜು ಸ್ಪರ್ಧೆ, 25 ವರ್ಷದಿಂದ ಶುರು, ಐದೈದು ವರ್ಷಕ್ಕೊಂದು ಗುಂಪು.

ಕಾಫಿ ಕೊಯ್ಲಿನ ಸಮಯದಲ್ಲಿ ತೋಟದವರು ಬರೋದು ಕಷ್ಟ, ಅಲ್ವಾ? ಆ ತಿಂಗಳುಗಳಿಗೆ ಶುಲ್ಕ ಕಡಿಮೆ ಇಡಿ. ಮಳೆಗಾಲದಲ್ಲಿ ಕೊಳ ಮುಚ್ಚಿದೆ ಅಂತ ಕಾವೇರಿಗೆ ಮಾತ್ರ ಇಳಿಯಬೇಡಿ.