ಹಳೆಯ ಕ್ಯಾಮೆರಾಕ್ಕೆ ಬದಲಿ ಅಡಾಪ್ಟರ್: ನನ್ನ ಅನುಭವ

ಹದಿನೈದು ವರ್ಷಕ್ಕೂ ಹಳೆಯದಾದ ನನ್ನ ಚಿಕ್ಕ ಡಿಜಿಟಲ್ ಕ್ಯಾಮೆರಾ ಬಹುಕಾಲ ಕಪಾಟಿನ ಮೂಲೆಯಲ್ಲಿ ಬಿದ್ದಿತ್ತು. ಮತ್ತೆ ಬಳಸೋಣವೆಂದು ಹೊರತೆಗೆದಾಗ ಕ್ಯಾಮೆರಾ, ಚೀಲ, ಮೆಮೊರಿ ಕಾರ್ಡು, ಕೈಪಿಡಿ ಎಲ್ಲವೂ ಸಿಕ್ಕವು. ಜೊತೆಗೆ ಬಂದಿದ್ದ ಅಡಾಪ್ಟರ್ ಮಾತ್ರ ಎಲ್ಲಿಯೂ ಸಿಗಲಿಲ್ಲ. ಈ ಕ್ಯಾಮೆರಾದ ಬ್ಯಾಟರಿಯನ್ನು ಹೊರಗೆ ತೆಗೆದು ಚಾರ್ಜ್ ಮಾಡುವ ಪ್ರತ್ಯೇಕ ಚಾರ್ಜರ್ ಬಂದಿರಲೇ ಇಲ್ಲ. ಬ್ಯಾಟರಿ ಒಳಗಿರುವಾಗಲೇ ಕ್ಯಾಮೆರಾದ ಪಕ್ಕದಲ್ಲಿರುವ ದುಂಡು ರಂಧ್ರಕ್ಕೆ ಅಡಾಪ್ಟರಿನ ಪಿನ್ನು ಸಿಕ್ಕಿಸಿ ಚಾರ್ಜ್ ಮಾಡಬೇಕು. ಆದ್ದರಿಂದ ಅಡಾಪ್ಟರ್ ಇಲ್ಲವೆಂದರೆ ಕ್ಯಾಮೆರಾವೇ ಇಲ್ಲವೆಂದಂತೆ.

ಹಳೆಯ ಅಡಾಪ್ಟರುಗಳನ್ನು ಹಾಕಿಟ್ಟಿದ್ದ ಡಬ್ಬವನ್ನು ಮೇಜಿನ ಮೇಲೆ ಸುರಿದೆ. ರೂಟರಿನದು, ರೇಡಿಯೊದ್ದು, ಯಾವುದರದೆಂದು ನೆನಪೇ ಇಲ್ಲದ ಇನ್ನೆರಡು ಮೂರು. ಪಿನ್ನುಗಳನ್ನು ಒಂದೊಂದಾಗಿ ರಂಧ್ರಕ್ಕೆ ಹಿಡಿದು ನೋಡುತ್ತ ಹೋದಾಗ ಮೂರನೆಯದು ಅಳತೆ ಕೊಟ್ಟು ಮಾಡಿಸಿದಂತೆ ಸಲೀಸಾಗಿ ಒಳಗೆ ಕುಳಿತಿತು. ಇಷ್ಟು ಚೆನ್ನಾಗಿ ಕುಳಿತ ಮೇಲೆ ಇದೇ ಇರಬೇಕೆಂದು ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟವನು, ಯಾಕೋ ಅನುಮಾನ ಬಂದು ಅಡಾಪ್ಟರಿನ ಬೆನ್ನಿನ ಮೇಲಿನ ಚೀಟಿಯನ್ನು ಓದಿದೆ. ಅದರಲ್ಲಿ 9 ವೋಲ್ಟ್ ಎಂದಿತ್ತು. ಕ್ಯಾಮೆರಾದ ರಂಧ್ರದ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದುದನ್ನು ಭೂತಗನ್ನಡಿ ಹಿಡಿದು ಓದಿದರೆ ಅಲ್ಲಿದ್ದದ್ದು 5 ವೋಲ್ಟ್. ಸ್ವಿಚ್ಚು ಹಾಕಿದ್ದರೆ ಏನಾಗುತ್ತಿತ್ತೋ, ಬೆರಳನ್ನಂತೂ ಹಿಂದಕ್ಕೆ ತೆಗೆದುಕೊಂಡೆ.

ಪಿನ್ನು ಹೊಂದಿದರೆ ಅಡಾಪ್ಟರ್ ಹೊಂದಿತೆಂದು ಭಾವಿಸುವುದಕ್ಕೆ ಒಂದು ಹಳೆಯ ಕಾರಣವೂ ಇದೆ. ಪಿನ್ನಿನ ದಪ್ಪವನ್ನು ವೋಲ್ಟೇಜಿಗೆ ಕಟ್ಟಿಹಾಕುವ ಇಐಎಜೆ ಎಂಬ ಜಪಾನಿನ ಮಾನದಂಡವೊಂದಿದೆ. ಅದರ ಪ್ರಕಾರ 3.15 ವೋಲ್ಟಿನವರೆಗೆ 2.35 ಮಿಲಿಮೀಟರ್ ಹೊರವ್ಯಾಸ, ಅಲ್ಲಿಂದ 6.3 ವೋಲ್ಟಿನವರೆಗೆ 4 ಮಿಲಿಮೀಟರ್, ಅಲ್ಲಿಂದ 10.5 ವೋಲ್ಟಿನವರೆಗೆ 4.75 ಮಿಲಿಮೀಟರ್. ಎಲ್ಲರೂ ಇದನ್ನು ಪಾಲಿಸಿದ್ದರೆ ತಪ್ಪು ಅಡಾಪ್ಟರ್ ಒಳಗೆ ಹೋಗುತ್ತಲೇ ಇರಲಿಲ್ಲ. ಪಾಲಿಸದವರೇ ಬಹಳ ಮಂದಿ ಇರುವುದರಿಂದ ಒಂದೇ ಗಾತ್ರದ ಪಿನ್ನಿನಲ್ಲಿ 5, 9, 12 ವೋಲ್ಟುಗಳು ಸುಖವಾಗಿ ಓಡಾಡುತ್ತಿವೆ.

ಅಂದಿನಿಂದ ನಾನು ಚೀಟಿಯಲ್ಲಿ ಮೂರು ವಿಷಯಗಳನ್ನು ಓದದೆ ಯಾವ ಅಡಾಪ್ಟರನ್ನೂ ಮುಟ್ಟುವುದಿಲ್ಲ. ವೋಲ್ಟೇಜು ಕ್ಯಾಮೆರಾ ಕೇಳಿದಷ್ಟೇ ಇರಬೇಕು. ಆಂಪಿಯರು ಕ್ಯಾಮೆರಾ ಕೇಳಿದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬಹುದು, ಏಕೆಂದರೆ ಕ್ಯಾಮೆರಾ ತನಗೆ ಬೇಕಾದಷ್ಟು ಪ್ರವಾಹವನ್ನು ಮಾತ್ರ ಎಳೆದುಕೊಳ್ಳುತ್ತದೆ. 2 ಆಂಪಿಯರಿನ ಅಡಾಪ್ಟರ್ ಹಾಕಿದರೆ ಅಷ್ಟನ್ನೂ ಒಳಗೆ ನುಗ್ಗಿಸಿ ಸುಟ್ಟುಬಿಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಕಡಿಮೆ ಆಂಪಿಯರಿನದು ಹಾಕಿದರೆ ಮಾತ್ರ ಅಡಾಪ್ಟರ್ ಬಿಸಿಯಾಗಿ, ವೋಲ್ಟೇಜು ಕುಸಿದು, ಲೆನ್ಸ್ ಹೊರಬರುವ ಹೊತ್ತಿಗೆ ಕ್ಯಾಮೆರಾ ಕಣ್ಣುಮುಚ್ಚುತ್ತದೆ. ಮೂರನೆಯದು ಧ್ರುವ. ಚೀಟಿಯಲ್ಲಿ ನಡುವೆ ಒಂದು ಚುಕ್ಕೆ, ಅದನ್ನು ಬಹುಪಾಲು ಸುತ್ತುವರಿದ ಒಂದು ಕಮಾನು ಇರುವ ಚಿತ್ರವಿರುತ್ತದೆ. ಚುಕ್ಕೆಯಿಂದ ಹೊರಟ ಗೆರೆ ಪ್ಲಸ್ಸಿಗೆ ಸೇರಿದ್ದರೆ ಪಿನ್ನಿನ ಒಳತೂತು ಧನ, ಹೊರಗಿನ ಲೋಹದ ಕೊಳವೆ ಋಣ. ಮೈನಸ್ಸಿಗೆ ಸೇರಿದ್ದರೆ ತಿರುಗುಮುರುಗು. ಕ್ಯಾಮೆರಾದ ಮೇಲಿನ ಚಿತ್ರವೂ ಅಡಾಪ್ಟರಿನ ಮೇಲಿನ ಚಿತ್ರವೂ ಒಂದೇ ಆಗಿರಬೇಕು. ಧ್ರುವ ತಲೆಕೆಳಗಾದರೆ ಅದೃಷ್ಟವಿದ್ದಾಗ ಒಳಗಿನ ಫ್ಯೂಸು ಹೋಗುತ್ತದೆ, ಇಲ್ಲದಿದ್ದರೆ ಕ್ಯಾಮೆರಾ ಹೋಗುತ್ತದೆ.

ಡಬ್ಬದಲ್ಲಿ 5 ವೋಲ್ಟಿನದೂ ಒಂದಿತ್ತು. ಧ್ರುವವೂ ಸರಿಯಾಗಿತ್ತು, ಪಿನ್ನೂ ಹೊಂದುತ್ತಿತ್ತು. ಆದರೆ ಕೈಯಲ್ಲಿ ಹಿಡಿದಾಗ ಇಟ್ಟಿಗೆಯ ಚೂರಿನಂತೆ ಭಾರವಾಗಿದ್ದುದರಿಂದ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಕಾಲದ ಅಡಾಪ್ಟರೆಂದು ಗೊತ್ತಾಯಿತು. ಇಂಥವುಗಳಲ್ಲಿ ವೋಲ್ಟೇಜನ್ನು ಹತೋಟಿಯಲ್ಲಿಡುವ ಏರ್ಪಾಡು ಬಹಳ ಸಲ ಇರುವುದಿಲ್ಲ. ಚೀಟಿಯ ಮೇಲಿನ ಅಂಕಿ ಪೂರ್ತಿ ಹೊರೆ ಬಿದ್ದಾಗ, ಅಂದರೆ ಉಪಕರಣ ಪೂರ್ತಿ ಪ್ರವಾಹ ಎಳೆಯುವಾಗ, ಸಿಗುವ ವೋಲ್ಟೇಜು, ಹೊರೆಯಿಲ್ಲದಾಗ ಅದು ಎಷ್ಟೋ ಮೇಲೆ ನಿಂತಿರುತ್ತದೆ. ವೋಲ್ಟೇಜು ಅಳೆಯುವ ಮಲ್ಟಿಮೀಟರನ್ನು ಡಿಸಿ (ನೇರ ಪ್ರವಾಹ) 20 ವೋಲ್ಟಿನ ಮಟ್ಟಕ್ಕೆ ತಿರುಗಿಸಿ, ಕೆಂಪು ಕಡ್ಡಿಯ ತುದಿಯನ್ನು ಪಿನ್ನಿನ ತೂತಿನೊಳಗೂ ಕಪ್ಪು ಕಡ್ಡಿಯನ್ನು ಹೊರಮೈಗೂ ತಾಗಿಸಿ ನೋಡಿದೆ. 7.6 ಎಂದು ತೋರಿಸಿತು. ಒಳತೂತು ಕಿರಿದಾದುದರಿಂದ ಕಡ್ಡಿ ಜಾರಿ ಎರಡನ್ನೂ ಒಟ್ಟಿಗೆ ತಾಗುವ ಭಯವಿರುತ್ತದೆ; ಒಂದು ಗುಂಡುಸೂಜಿಯನ್ನು ತೂತಿನಲ್ಲಿ ನಿಲ್ಲಿಸಿ, ಸ್ವಿಚ್ಚು ಹಾಕಿದ ಬಳಿಕ ಅದರ ತಲೆಗೆ ಕಡ್ಡಿ ಮುಟ್ಟಿಸುವುದು ನಾನು ಕಂಡುಕೊಂಡ ಉಪಾಯ. ಆ ಅಡಾಪ್ಟರನ್ನೂ ಪಕ್ಕಕ್ಕಿಟ್ಟೆ.

ಮೊಬೈಲಿನ ಚಾರ್ಜರ್ 5 ವೋಲ್ಟನ್ನೇ ಕೊಡುವಾಗ ಇಷ್ಟೆಲ್ಲ ಏಕೆಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು. ಕ್ಯಾಮೆರಾದಲ್ಲಿ ಯುಎಸ್‌ಬಿ ಕೇಬಲ್ಲಿಗೆಂದು ಚಪ್ಪಟೆಯಾದ ಇನ್ನೊಂದು ರಂಧ್ರವಿತ್ತು, ಕೇಬಲ್ಲೂ ಇತ್ತು. ಸಿಕ್ಕಿಸಿ ಅರ್ಧ ಗಂಟೆ ಕಾದರೂ ದೀಪ ಹೊತ್ತಲಿಲ್ಲ. ಕೈಪಿಡಿ ತೆಗೆದು ನೋಡಿದರೆ ನನ್ನ ಕ್ಯಾಮೆರಾದಲ್ಲಿ ಆ ರಂಧ್ರ ಚಿತ್ರಗಳನ್ನು ಕಂಪ್ಯೂಟರಿಗೆ ಸಾಗಿಸುವುದಕ್ಕೆ ಮಾತ್ರ. ಅದೇ ಕಾಲದ ಬೇರೆ ಕೆಲವು ಕ್ಯಾಮೆರಾಗಳು ಯುಎಸ್‌ಬಿಯಿಂದಲೇ ಚಾರ್ಜ್ ಆಗುತ್ತವೆ. ಅವುಗಳಲ್ಲಿಯೂ ಕೆಲವು, ಎದುರಿಗಿರುವುದು ಕಂಪ್ಯೂಟರೋ ಚಾರ್ಜರೋ ಎಂದು ಪರೀಕ್ಷಿಸಿ ನೋಡುತ್ತವೆ. ಚಾರ್ಜರಿಗೆಂದೇ ಮಾಡಿದ ಯುಎಸ್‌ಬಿ ಬಾಯಿಯಲ್ಲಿ ಡೇಟಾದ ಎರಡು ತಂತಿಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರೆ, ಆ ಗುರುತು ಸಿಕ್ಕಿದರೆ ಮಾತ್ರ ಕ್ಯಾಮೆರಾ ಧೈರ್ಯವಾಗಿ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಯುಎಸ್‌ಬಿಯಿಂದ ಚಾರ್ಜ್ ಆಗುವ ಹಳೆಯ ಕ್ಯಾಮೆರಾ ಇರುವವರು ಹೊಸ ಟೈಪ್-ಸಿ ಚಾರ್ಜರ್ ಕೊಂಡು ಎರಡು ಕಡೆಗೂ ಹೊಂದುವ ಅಗ್ಗದ ಕೇಬಲ್ ಹಾಕಿದಾಗ ಏನೂ ಆಗದಿರುವುದುಂಟು. ಟೈಪ್-ಸಿ ಚಾರ್ಜರ್, ಆಚೆ ಕಡೆ 5.1 ಕಿಲೋಓಮಿನ ರೋಧಕವೊಂದು ಕಾಣಿಸಿಕೊಳ್ಳುವವರೆಗೆ ವೋಲ್ಟೇಜನ್ನೇ ಹೊರಬಿಡುವುದಿಲ್ಲ. ಹಳೆಯ ಕ್ಯಾಮೆರಾದಲ್ಲಿ ಅದು ಇರುವುದಿಲ್ಲವಾದ್ದರಿಂದ ಕೇಬಲ್ಲಿನಲ್ಲಾದರೂ ಇರಬೇಕು. ಅಗಲ ಬಾಯಿಯ ಹಳೆಯ ಯುಎಸ್‌ಬಿ ಚಾರ್ಜರಿನಲ್ಲಿ ಈ ತಂಟೆಯಿಲ್ಲ.

ಕೈಪಿಡಿಯನ್ನು ಓದುವಾಗಲೇ ಇನ್ನೊಂದು ವಿಷಯವನ್ನು ಖಚಿತಪಡಿಸಿಕೊಂಡೆ, ಮತ್ತು ಅಡಾಪ್ಟರ್ ಕೊಳ್ಳುವ ಮೊದಲು ಎಲ್ಲರೂ ಮಾಡಲೇಬೇಕಾದ ಕೆಲಸ ಇದೇ ಎಂದು ನನಗನ್ನಿಸುತ್ತದೆ. ಡಿಸಿ ಇನ್ ಎಂದು ಬರೆದ ರಂಧ್ರವಿದ್ದ ಮಾತ್ರಕ್ಕೆ ಅದರಿಂದ ಬ್ಯಾಟರಿ ಚಾರ್ಜ್ ಆಗುತ್ತದೆಂದು ಅರ್ಥವಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಆ ರಂಧ್ರ ಕ್ಯಾಮೆರಾವನ್ನು ನಡೆಸುವುದಕ್ಕೆ ಮಾತ್ರ; ಅಡಾಪ್ಟರ್ ಇರುವಷ್ಟು ಹೊತ್ತು ಕ್ಯಾಮೆರಾ ಓಡುತ್ತದೆ, ಬ್ಯಾಟರಿ ಇದ್ದಂತೆಯೇ ಇರುತ್ತದೆ. ಇನ್ನು ಕೆಲವಕ್ಕೆ ರಂಧ್ರವೇ ಇಲ್ಲ. ಬ್ಯಾಟರಿಯ ಆಕಾರದ ಡಮ್ಮಿಯನ್ನು ಬ್ಯಾಟರಿಯ ಜಾಗದಲ್ಲಿ ಕೂರಿಸಿ, ಅದರ ತಂತಿಯನ್ನು ಬಾಗಿಲ ಸಂದಿಯಿಂದ ಹೊರತಂದು ಅಡಾಪ್ಟರಿಗೆ ಜೋಡಿಸಬೇಕು. ಕೈಪಿಡಿ ಕಳೆದುಹೋದವರಿಗೆ ಬ್ಯಾಟರಿಯ ವೋಲ್ಟೇಜೇ ಒಂದು ಸುಳಿವು. 3.7 ವೋಲ್ಟ್ ಎಂದು ಬರೆದ ಒಂದು ಕೋಶದ ಲಿಥಿಯಂ ಅಯಾನ್ ಬ್ಯಾಟರಿ 4.2 ವೋಲ್ಟಿನವರೆಗೂ, 7.4 ವೋಲ್ಟಿನ ಎರಡು ಕೋಶಗಳದು 8.4 ವೋಲ್ಟಿನವರೆಗೂ ಚಾರ್ಜ್ ಆಗಬೇಕು. ಹಾಗಾಗಿ ಒಂದು ಕೋಶದ ಬ್ಯಾಟರಿಯಿದ್ದು ರಂಧ್ರ ಕೇಳುವುದು 5 ವೋಲ್ಟಾಗಿದ್ದರೆ ಚಾರ್ಜ್ ಆಗುವ ಸಂಭವವುಂಟು. ಬಿಡಿ ಎಎ ಸೆಲ್ಲುಗಳಲ್ಲಿ ನಡೆಯುವ ಕ್ಯಾಮೆರಾಗಳಿಗೆ ಹೊರಗಿನ ಚಾರ್ಜರೇ ಗತಿ.

ನನ್ನದು ಚಾರ್ಜ್ ಆಗುವ ಜಾತಿ, ಕ್ಯಾಮೆರಾ ಆಫ್ ಆಗಿರುವಾಗ ಮಾತ್ರ. 5 ವೋಲ್ಟ್, 2 ಆಂಪಿಯರ್, ಒಳತೂತು ಧನವಾದ, ವೋಲ್ಟೇಜನ್ನು ಹತೋಟಿಯಲ್ಲಿಡುವ ಸ್ವಿಚಿಂಗ್ ಮಾದರಿಯ ಹೊಸ ಅಡಾಪ್ಟರೊಂದನ್ನು ತರಿಸಿದೆ. ಪಿನ್ನಿನ ಗಾತ್ರಕ್ಕೆ ಡಬ್ಬದಲ್ಲಿ ಸರಿಯಾಗಿ ಕುಳಿತ ಆ 9 ವೋಲ್ಟಿನದನ್ನೇ ಅಳತೆಗೋಲಾಗಿ ಬಳಸಿ ವರ್ನಿಯರ್ ಕ್ಯಾಲಿಪರಿನಿಂದ ವ್ಯಾಸ ಅಳೆದೆ: ಹೊರಗೆ 4 ಮಿಲಿಮೀಟರ್, ಒಳಗೆ 1.7. ಹೊಸದರ ಮೇಲೆ ಮೀಟರ್ 5.1 ತೋರಿಸಿತು. ಸಿಕ್ಕಿಸಿದೆ. ಕಿತ್ತಳೆ ಬಣ್ಣದ ದೀಪ ಹೊತ್ತಿತು, ನಾನು ಹಿಗ್ಗಿದೆ. ಅರ್ಧ ಗಂಟೆಯಲ್ಲಿ ಅದು ಪಟಪಟನೆ ಮಿಟುಕಲು ತೊಡಗಿತು. ಕೈಪಿಡಿಯ ಪ್ರಕಾರ ವೇಗವಾಗಿ ಮಿಟುಕಿದರೆ ದೋಷವೆಂದರ್ಥ.

ಅಡಾಪ್ಟರನ್ನು ದೂರುವುದಕ್ಕೆ ಮುಂಚೆ ಬ್ಯಾಟರಿಯನ್ನು ಹೊರತೆಗೆದೆ. ಬೆರಳಿಗೆ ಸುಲಭವಾಗಿ ಬರಬೇಕಾದದ್ದು ಗೂಡಿನಲ್ಲಿ ಬಿಗಿದುಕೊಂಡಿತ್ತು. ಮೇಜಿನ ಗಾಜಿನ ಮೇಲಿಟ್ಟು ಒಂದು ಮೂಲೆಯನ್ನು ಒತ್ತಿದರೆ ಎದುರಿನ ಮೂಲೆ ಮೇಲೇಳುತ್ತಿತ್ತು, ಅಂದರೆ ಹೊಟ್ಟೆ ಉಬ್ಬಿತ್ತು. ತುದಿಗಳ ನಡುವೆ ಮೀಟರ್ ತೋರಿಸಿದ್ದು 0.3 ವೋಲ್ಟ್. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಬ್ಯಾಟರಿ ತಾನಾಗಿಯೇ ಬರಿದಾಗುತ್ತ ಹೋದಾಗ ಒಳಗಿನ ರಕ್ಷಣಾ ಸರ್ಕ್ಯೂಟು ಕೋಶವನ್ನು ಹೊರಜಗತ್ತಿನಿಂದ ಬೇರ್ಪಡಿಸುತ್ತದೆ. ಅಂಥದ್ದಕ್ಕೆ ಚಾರ್ಜಿಂಗ್ ಸರ್ಕ್ಯೂಟು ಮೊದಲು ಬಹಳ ಸಣ್ಣ ಪ್ರವಾಹವನ್ನು ಹರಿಸಿ ನೋಡುತ್ತದೆ. ಗೊತ್ತಾದ ಅವಧಿಯೊಳಗೆ ವೋಲ್ಟೇಜು ಮೇಲೇಳದಿದ್ದರೆ ಕೈಬಿಟ್ಟು ದೀಪ ಮಿಟುಕಿಸುತ್ತದೆ. ನನ್ನ ಕ್ಯಾಮೆರಾ ಮಾಡಿದ್ದು ಇದನ್ನೇ.

ಇಂಥ ಬ್ಯಾಟರಿಗೆ ಹೊರಗಿನಿಂದ ನೇರವಾಗಿ ತಂತಿ ಕೊಟ್ಟು ಎಬ್ಬಿಸುವವರಿದ್ದಾರೆ. ನಾನು ಆ ಸಾಹಸಕ್ಕೆ ಹೋಗಲಿಲ್ಲ. ಲಿಥಿಯಂ ಅಯಾನ್ ಕೋಶ 2 ವೋಲ್ಟಿಗಿಂತ ಕೆಳಗೆ ಬಹುಕಾಲ ಇದ್ದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಕಡೆ ಕೂಡಿಕೊಂಡು ಒಳಗೊಳಗೇ ಶಾರ್ಟ್ ಆಗಬಹುದು. ಉಬ್ಬಿದ್ದಂತೂ ಮುಟ್ಟುವ ಹಾಗೆಯೇ ಇಲ್ಲ. ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯ ಪಡೆಯುವ ಕಡೆ ಕೊಟ್ಟುಬಂದೆ. ಕ್ಯಾಮೆರಾವನ್ನೇ ಬಿಚ್ಚಿ ನೋಡುವ ಆಸೆಯೂ ಒಂದು ಗಳಿಗೆ ಬಂದಿತ್ತು. ಆದರೆ ಫ್ಲಾಷಿಗೆಂದು ವಿದ್ಯುತ್ತನ್ನು ಕೂಡಿಡುವ ಕೆಪ್ಯಾಸಿಟರಿನಲ್ಲಿ ಸುಮಾರು 300 ವೋಲ್ಟ್ ಕುಳಿತಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಅದು ತಕ್ಷಣ ಇಳಿಯುವುದಿಲ್ಲ ಎಂಬುದು ನೆನಪಾಗಿ ಸ್ಕ್ರೂಡ್ರೈವರನ್ನು ಒಳಗಿಟ್ಟೆ.

ಅದೇ ಮಾದರಿ ಸಂಖ್ಯೆಯ ಬದಲಿ ಬ್ಯಾಟರಿ ಬಂದಾಗ ಅದನ್ನು ಹಾಕುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ. ಬ್ಯಾಟರಿಯ ತುದಿಯಲ್ಲಿ ಪ್ಲಸ್ಸು, ಮೈನಸ್ಸುಗಳ ಜೊತೆ ಟಿ ಎಂದು ಗುರುತಿಸಿದ ಮೂರನೆಯ ಪಟ್ಟಿಯೊಂದಿತ್ತು. ಅದು ಒಳಗಿನ ಥರ್ಮಿಸ್ಟರಿನದು. ಬ್ಯಾಟರಿ ಎಷ್ಟು ಬಿಸಿಯಾಗಿದೆಯೆಂದು ಕ್ಯಾಮೆರಾಕ್ಕೆ ಗೊತ್ತಾಗುವುದು ಅದರ ರೋಧದಿಂದ. ಅಗ್ಗದ ಬದಲಿ ಬ್ಯಾಟರಿಗಳಲ್ಲಿ ಕೆಲವೊಮ್ಮೆ ಅಲ್ಲಿ ಏನೂ ಇರುವುದಿಲ್ಲ, ಆಗ ಕ್ಯಾಮೆರಾ ಚಾರ್ಜ್ ಮಾಡಲು ಒಪ್ಪದಿರಬಹುದು. ಕೆಲವೊಮ್ಮೆ ಕಣ್ಣೊರೆಸುವುದಕ್ಕೆ ಬದಲಾಗದ ರೋಧಕವೊಂದನ್ನು ಕೂರಿಸಿರುತ್ತಾರೆ, ಆಗ ಬ್ಯಾಟರಿ ಕಾದರೂ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಟಿಗೂ ಮೈನಸ್ಸಿಗೂ ನಡುವೆ ಮೀಟರ್ ಹಿಡಿದಾಗ 10 ಕಿಲೋಓಮಿನ ಆಸುಪಾಸು ತೋರಿಸಿತು. ಬ್ಯಾಟರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮೂರು ನಿಮಿಷ ಕಾದು ಮತ್ತೆ ನೋಡಿದರೆ 9ಕ್ಕಿಂತ ಕೆಳಗೆ ಇಳಿದಿತ್ತು. ನಿಜವಾದ ಥರ್ಮಿಸ್ಟರೇ ಇದೆಯೆಂದು ಸಮಾಧಾನವಾಯಿತು.

ಈ ಸಲ ಕಿತ್ತಳೆ ದೀಪ ಅಲುಗದೆ ಉರಿಯಿತು. ಮೊದಲ ಸಲವಾದ್ದರಿಂದ ಎದ್ದುಹೋಗದೆ ಪಕ್ಕದಲ್ಲಿಯೇ ಕುಳಿತು, ಹತ್ತು ನಿಮಿಷಕ್ಕೊಮ್ಮೆ ಅಡಾಪ್ಟರನ್ನೂ ಕ್ಯಾಮೆರಾದ ತಳವನ್ನೂ ಮುಟ್ಟಿ ನೋಡುತ್ತಿದ್ದೆ. ಅಡಾಪ್ಟರ್ ಕೊಂಚ ಬೆಚ್ಚಗಿತ್ತು. ಕ್ಯಾಮೆರಾದ ಬ್ಯಾಟರಿ ಬದಿ ಅದಕ್ಕಿಂತ ಸ್ವಲ್ಪ ಹೆಚ್ಚು ಬೆಚ್ಚಗಿತ್ತು, ಆದರೆ ಕೈ ತೆಗೆಯುವಷ್ಟಲ್ಲ. 740 ಮಿಲಿಆಂಪಿಯರ್-ಗಂಟೆಯ ಆ ಬ್ಯಾಟರಿಗೆ ದೀಪ ಆರುವವರೆಗೆ ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು. ವೋಲ್ಟೇಜು 4.2 ಮುಟ್ಟಿದ ಮೇಲೆ ಸರ್ಕ್ಯೂಟು ಅದನ್ನು ಅಲ್ಲಿಯೇ ನಿಲ್ಲಿಸಿ ಪ್ರವಾಹವನ್ನು ಕ್ರಮೇಣ ಇಳಿಸುತ್ತ ಹೋಗುವುದರಿಂದ, ಕೊನೆಯ ಪಾಲು ತುಂಬುವುದಕ್ಕೆ ಮೊದಲಿನ ಪಾಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಅವಸರವಿದ್ದಾಗ ಒಂದೂವರೆ ಗಂಟೆಗೇ ತೆಗೆದುಕೊಂಡು ಹೊರಟರೂ ನಷ್ಟವೇನಿಲ್ಲ. ದೀಪ ಆರಿದ ಮೇಲೆ ಬ್ಯಾಟರಿ 4.17 ವೋಲ್ಟ್ ತೋರಿಸಿತು, ಒಂದು ರಾತ್ರಿ ಕಳೆದ ಮೇಲೆ 4.15. ಹೊಸ ಅಡಾಪ್ಟರಿನ ಬೆನ್ನಿಗೆ ಬಿಳಿ ಟೇಪು ಅಂಟಿಸಿ ಕ್ಯಾಮೆರಾದ ಹೆಸರು ಬರೆದೆ. 9 ವೋಲ್ಟಿನದಕ್ಕೆ ಕೆಂಪು ಟೇಪು ಸುತ್ತಿ ಬೇರೆ ಡಬ್ಬಕ್ಕೆ ಹಾಕಿದೆ.

ಕ್ಯಾಮೆರಾ ಆನ್ ಮಾಡಿದಾಗ ಮೊದಲು ಕೇಳಿದ್ದು ದಿನಾಂಕವನ್ನು. ಪರದೆಯ ಮೇಲೆ 2007ರ ಜನವರಿ 1 ಮಿಟುಕುತ್ತಿತ್ತು. ಗಡಿಯಾರವನ್ನು ನಡೆಸುವ ಪುಟ್ಟ ಬ್ಯಾಟರಿಯೊಂದು ಒಳಗೆ ಬೇರೆಯೇ ಇದೆ, ಅದು ತುಂಬಿಕೊಳ್ಳುವುದು ದೊಡ್ಡ ಬ್ಯಾಟರಿಯಿಂದ, ಅದಕ್ಕೆ ಸುಮಾರು ಒಂದು ದಿನ ಬೇಕು ಎಂದು ಕೈಪಿಡಿಯಲ್ಲಿದೆ. ದಿನಾಂಕ ಕೂರಿಸಿ ಇಪ್ಪತ್ನಾಲ್ಕು ಗಂಟೆ ಹಾಗೆಯೇ ಬಿಟ್ಟೆ. ಮರುದಿನ ದೊಡ್ಡ ಬ್ಯಾಟರಿಯನ್ನು ತೆಗೆದು, ಹತ್ತು ನಿಮಿಷ ಮೇಜಿನ ಮೇಲಿಟ್ಟು, ಮತ್ತೆ ಹಾಕಿ ಗುಂಡಿ ಒತ್ತಿದೆ. ಲೆನ್ಸ್ ಕಿರ್ರೆಂದು ಹೊರಬಂದಿತು, ದಿನಾಂಕ ಕೇಳಲಿಲ್ಲ.